ದಂಡದ ಚೀಟಿಯ ಹಿಂದಿನ ಕೆಲಸ: ಇಂಗ್ಲೆಂಡಿನ ಕೌನ್ಸಿಲ್ ಜಾರಿ ಅಧಿಕಾರಿಯ ಅಧಿಕಾರ ಮತ್ತು ಅದರ ಮಿತಿ

ಇಂಗ್ಲೆಂಡಿನ ಪೇಟೆಬೀದಿಗಳಲ್ಲಿ ಸಮವಸ್ತ್ರ ತೊಟ್ಟು, ಎದೆಗೆ ಪುಟ್ಟ ಕ್ಯಾಮೆರಾ ಸಿಕ್ಕಿಸಿಕೊಂಡು ಓಡಾಡುವ ಕೆಲವರನ್ನು ಆ ದೇಶಕ್ಕೆ ಹೊಸದಾಗಿ ಬಂದವರು ಪೊಲೀಸರೆಂದೇ ತಿಳಿಯುವುದುಂಟು. ಅವರು ಪೊಲೀಸರಲ್ಲ, ಅಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್ ನೇಮಿಸಿಕೊಂಡಿರುವ ಕಮ್ಯುನಿಟಿ ಎನ್‌ಫೋರ್ಸ್‌ಮೆಂಟ್ ಆಫೀಸರ್‌ಗಳು, ಅಂದರೆ ಸಮುದಾಯ ಜಾರಿ ಅಧಿಕಾರಿಗಳು. ಬೀದಿಯಲ್ಲಿ ಕಸ ಎಸೆಯುವುದು, ನಾಯಿಯ ಮಲ ತೆಗೆಯದೆ ಹೋಗುವುದು, ಕದ್ದುಮುಚ್ಚಿ ತ್ಯಾಜ್ಯ ಸುರಿಯುವುದು, ವಾರಸುದಾರರಿಲ್ಲದ ವಾಹನಗಳು, ಬೀಡಾಡಿ ನಾಯಿಗಳು, ನೆರೆಹೊರೆಯವರ ನೆಮ್ಮದಿ ಕೆಡಿಸುವ ವರ್ತನೆ, ಹೀಗೆ ಪೊಲೀಸರ ಕೈಗೆ ಸಾಮಾನ್ಯವಾಗಿ ಬಾರದ, ಆದರೆ ಜನರ ದಿನನಿತ್ಯದ ಬದುಕನ್ನು ನೇರವಾಗಿ ತಟ್ಟುವ ವಿಷಯಗಳೆಲ್ಲ ಇವರ ಪಾಲಿಗೆ ಬರುತ್ತವೆ. ಹೊರಗಿನಿಂದ ನೋಡುವವರಿಗೆ ಇದು ದಂಡ ಹಾಕುವ ಕೆಲಸವಾಗಿ ಕಾಣುತ್ತದೆ. ಈ ಕೆಲಸದ ಹೆಚ್ಚಿನ ಭಾಗ ಸಾಕ್ಷ್ಯ ಕಲೆಹಾಕುವುದರಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ಯಾವಾಗ ದಂಡ ಹಾಕಬಾರದು ಎಂದು ತೀರ್ಮಾನಿಸುವುದರಲ್ಲಿ ಇದೆ ಎಂಬುದನ್ನು ಅರಿಯಬೇಕಾದರೆ ಅವರ ಅಧಿಕಾರ ಎಲ್ಲಿಂದ ಬರುತ್ತದೆ, ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕೌನ್ಸಿಲ್ ಅಧಿಕಾರಿಗೆ ಹುಟ್ಟಿನಿಂದಲೇ ಬಂದ ಅಧಿಕಾರ ಎಂಬುದು ಯಾವುದೂ ಇಲ್ಲ. ಪೊಲೀಸ್ ಪೇದೆಯೊಬ್ಬನಿಗೆ ಅವನ ಹುದ್ದೆಯೇ ಕೆಲವು ಸಾಮಾನ್ಯ ಅಧಿಕಾರಗಳನ್ನು ಕೊಡುತ್ತದೆ. ಕೌನ್ಸಿಲ್ ಅಧಿಕಾರಿಯಾದರೋ ತಾನು ಮಾಡುವ ಪ್ರತಿಯೊಂದು ಕಾರ್ಯಕ್ಕೂ ಸಂಸತ್ತಿನ ಕಾಯ್ದೆಯೊಂದರ ನಿರ್ದಿಷ್ಟ ಸೆಕ್ಷನ್ ತೋರಿಸಬೇಕು. ಆ ಕಾಯ್ದೆ ಅಧಿಕಾರವನ್ನು ಕೌನ್ಸಿಲ್‌ಗೆ ಕೊಟ್ಟಿರುತ್ತದೆ, ಕೌನ್ಸಿಲ್ ತನ್ನ ನಿಯಮಾವಳಿಯ ಮೂಲಕ ಅದನ್ನು ಹಿರಿಯ ಅಧಿಕಾರಿಗಳಿಗೆ ವಹಿಸಿರುತ್ತದೆ, ಅವರು ಲಿಖಿತ ಅಧಿಕಾರಪತ್ರದ ಮೂಲಕ ಬೀದಿಯಲ್ಲಿರುವ ಅಧಿಕಾರಿಗೆ ದಾಟಿಸಿರುತ್ತಾರೆ. ಈ ಸರಪಳಿಯ ಒಂದು ಕೊಂಡಿ ತಪ್ಪಿದ್ದರೂ ಅವನು ಕೊಟ್ಟ ನೋಟಿಸ್ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಕಸ ಎಸೆದವನನ್ನು ಬಂಧಿಸುವ ಅಧಿಕಾರ ಅವನಿಗಿಲ್ಲ. ಓಡಿಹೋಗುವವನನ್ನು ಹಿಡಿದು ನಿಲ್ಲಿಸುವಂತಿಲ್ಲ. ನೋಟಿಸ್ ಕೊಡುವಾಗ ಹೆಸರು ಮತ್ತು ವಿಳಾಸ ಕೇಳುವ ಅಧಿಕಾರವಿದೆ. ಕೊಡಲು ಒಪ್ಪದಿರುವುದು ಅಥವಾ ಸುಳ್ಳು ಹೆಸರು ಹೇಳುವುದು ತಾನೇ ಇನ್ನೊಂದು ಅಪರಾಧವಾಗುತ್ತದೆ. 2002ರ ಪೊಲೀಸ್ ಸುಧಾರಣಾ ಕಾಯ್ದೆಯ ಅಡಿಯಲ್ಲಿ ಆಯಾ ಪ್ರದೇಶದ ಪೊಲೀಸ್ ಮುಖ್ಯಸ್ಥರು ಬಯಸಿದರೆ ಕೌನ್ಸಿಲ್ ಅಧಿಕಾರಿಗಳಿಗೆ ಕೆಲವು ಹೆಚ್ಚಿನ, ಆದರೆ ಸೀಮಿತ ಅಧಿಕಾರಗಳನ್ನು ಮಾನ್ಯತೆಯ ರೂಪದಲ್ಲಿ ಕೊಡಬಹುದು. ಎಲ್ಲ ಊರುಗಳಲ್ಲೂ ಇದು ಜಾರಿಯಲ್ಲಿಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು, ಏಕೆಂದರೆ ಬಹಳ ಜನ ಇದರಲ್ಲೇ ಎಡವುತ್ತಾರೆ. ಕಾರಿನ ಗಾಜಿಗೆ ಅಂಟಿಸುವ ಪಾರ್ಕಿಂಗ್ ದಂಡವೂ ಕಸ ಎಸೆದದ್ದಕ್ಕೆ ಕೈಗೆ ಕೊಡುವ ದಂಡವೂ ಒಂದೇ ಕೌನ್ಸಿಲ್‌ನ ಹೆಸರಿನಲ್ಲಿ ಬರುವುದರಿಂದ ಎರಡೂ ಒಂದೇ ಬಗೆಯವು ಎನಿಸುತ್ತದೆ. ಪಾರ್ಕಿಂಗ್ ದಂಡ 2004ರ ಸಂಚಾರ ನಿರ್ವಹಣಾ ಕಾಯ್ದೆಯ ಪ್ರಕಾರ ಸಿವಿಲ್ ಸ್ವರೂಪದ್ದು. ಅದನ್ನು ಪ್ರಶ್ನಿಸಲು ಮೊದಲು ಕೌನ್ಸಿಲ್‌ಗೆ, ಅಲ್ಲಿ ಒಪ್ಪದಿದ್ದರೆ ಸ್ವತಂತ್ರ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸುವ ಸ್ಪಷ್ಟ ದಾರಿಯಿದೆ. ಕಸದ ದಂಡ ಹಾಗಲ್ಲ. ಅದು ಕ್ರಿಮಿನಲ್ ಕಾನೂನಿಗೆ ಸೇರಿದ್ದು, ಅದನ್ನು ಫಿಕ್ಸ್ಡ್ ಪೆನಾಲ್ಟಿ ನೋಟಿಸ್ ಎನ್ನುತ್ತಾರೆ, ಮತ್ತು ಅದು ನಿಜಾರ್ಥದಲ್ಲಿ ಶಿಕ್ಷೆಯೇ ಅಲ್ಲ. 1990ರ ಪರಿಸರ ಸಂರಕ್ಷಣಾ ಕಾಯ್ದೆಯ 87ನೇ ಸೆಕ್ಷನ್ ಕಸ ಎಸೆದು ಬಿಟ್ಟುಹೋಗುವುದನ್ನು ಅಪರಾಧವೆಂದು ಸಾರುತ್ತದೆ. ಸಿಗರೇಟಿನ ತುಂಡು, ಅಗಿದುಗಿದ ಚೂಯಿಂಗ್ ಗಮ್ ಎರಡೂ ಕಸವೇ ಎಂದು 2005ರ ತಿದ್ದುಪಡಿ ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿದೆ. 88ನೇ ಸೆಕ್ಷನ್ ಅಡಿಯಲ್ಲಿ ಕೊಡುವ ನೋಟಿಸ್‌ನ ಒಟ್ಟು ಅರ್ಥ ಇಷ್ಟೇ: ನೀವು ಈ ಅಪರಾಧ ಮಾಡಿದ್ದೀರೆಂದು ನಂಬಲು ನಮಗೆ ಕಾರಣವಿದೆ, 14 ದಿನಗಳೊಳಗೆ ಈ ಮೊತ್ತ ಕಟ್ಟಿದರೆ ನಿಮ್ಮ ಮೇಲೆ ಮೊಕದ್ದಮೆ ಹೂಡುವುದಿಲ್ಲ. ಅಂದರೆ ಅದು ಕೌನ್ಸಿಲ್ ಮುಂದಿಡುವ ಒಂದು ಅವಕಾಶ. ಕಟ್ಟಿದವರ ಮೇಲೆ ಅಪರಾಧ ಸಾಬೀತಾದಂತೆ ಆಗುವುದಿಲ್ಲ.

ಇದರ ಇನ್ನೊಂದು ಮುಖವೇ ಹೆಚ್ಚು ಮುಖ್ಯವಾದುದು. ನೋಟಿಸ್‌ಗೆ ವಿಧಿವತ್ತಾದ ಮೇಲ್ಮನವಿ ಇಲ್ಲ. ಒಪ್ಪದವರು ಹಣ ಕಟ್ಟದೆ ಇರಬಹುದು, ಆಗ ಕೌನ್ಸಿಲ್ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ವಿಚಾರಣೆ ನಡೆಯುವುದು ದಂಡ ಕಟ್ಟದ್ದಕ್ಕಲ್ಲ, ಕಸ ಎಸೆದ ಮೂಲ ಅಪರಾಧಕ್ಕೆ. ಅದನ್ನು ಸಂಶಯಾತೀತವಾಗಿ ಸಾಬೀತುಪಡಿಸುವ ಹೊಣೆ ಕೌನ್ಸಿಲ್‌ನದು. ದೂರು ದಾಖಲಿಸಲು ಇರುವ ಅವಧಿಯೂ ಆರೇ ತಿಂಗಳು. ಆದ್ದರಿಂದ ನ್ಯಾಯಾಲಯದಲ್ಲಿ ನಿಲ್ಲುವಷ್ಟು ಸಾಕ್ಷ್ಯ ಕೈಯಲ್ಲಿಲ್ಲದೆ ಬೀದಿಯಲ್ಲಿ ನೋಟಿಸ್ ಬರೆಯುವುದು ಪೊಳ್ಳು ಬೆದರಿಕೆಯಾಗುತ್ತದೆ, ಮತ್ತು ಒಳ್ಳೆಯ ಅಧಿಕಾರಿ ಅದನ್ನು ಮಾಡುವುದಿಲ್ಲ. 2023ರ ಜುಲೈ 31ರಿಂದ ಕಸದ ನೋಟಿಸ್‌ನ ಗರಿಷ್ಠ ಮೊತ್ತ 150 ಪೌಂಡ್‌ಗಳಿಂದ 500 ಪೌಂಡ್‌ಗಳಿಗೆ ಏರಿತು. ಈ ಮಿತಿಯೊಳಗೆ ತನ್ನ ಊರಿಗೆ ಎಷ್ಟು ಎಂದು ಆಯಾ ಕೌನ್ಸಿಲ್ ನಿಗದಿ ಮಾಡುತ್ತದೆ. ನ್ಯಾಯಾಲಯಕ್ಕೆ ಹೋದರೆ ದಂಡ 2,500 ಪೌಂಡ್‌ಗಳವರೆಗೆ ಹೋಗಬಹುದು. ಮೊತ್ತ ಇಷ್ಟು ದೊಡ್ಡದಾದ ಮೇಲೆ ಸಾಕ್ಷ್ಯದ ಗುಣಮಟ್ಟವೂ ಅದೇ ಪ್ರಮಾಣದಲ್ಲಿ ಏರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಕ್ಷ್ಯದ ಕೆಲಸ ಆರಂಭವಾಗುವುದು ಜೇಬಿನಲ್ಲಿರುವ ಟಿಪ್ಪಣಿ ಪುಸ್ತಕದಿಂದ. ಪೊಲೀಸರಿಗೆ ಕಲಿಸುವ ನಿಯಮಗಳನ್ನೇ ಇವರಿಗೂ ಕಲಿಸುತ್ತಾರೆ: ಬರೆದದ್ದನ್ನು ಅಳಿಸಬಾರದು, ಹಾಳೆ ಹರಿಯಬಾರದು, ನಡುವೆ ಖಾಲಿ ಜಾಗ ಬಿಡಬಾರದು, ಅಕ್ಷರದ ಮೇಲೆ ಅಕ್ಷರ ತಿದ್ದಬಾರದು, ಎದುರಿನವರು ಆಡಿದ ಮಾತನ್ನು ತಮ್ಮ ಮಾತಿಗೆ ತಿರುಗಿಸದೆ ಆಡಿದಂತೆಯೇ ದಾಖಲಿಸಬೇಕು. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಸಮಯ, ಜಾಗ, ಬೆಳಕು, ತಾನು ನಿಂತಿದ್ದ ದೂರ, ನಡುವೆ ಕಣ್ಣಿಗೆ ಅಡ್ಡ ಬಂದದ್ದು ಏನಾದರೂ ಇತ್ತೇ ಎಂಬುದು, ಎಸೆದವನು ಎಷ್ಟು ಹೆಜ್ಜೆ ಮುಂದೆ ಹೋಗಿದ್ದ ಎಂಬುದು, ಇವೆಲ್ಲ ಅಲ್ಲಿ ಸೇರಬೇಕು. ಕೊನೆಯ ವಿವರ ಅಲ್ಪವಾಗಿ ಕಂಡರೂ ಅದು ಅಪರಾಧದ ಅಂಗವೇ ಆಗಿದೆ. ಕಾಯ್ದೆ ಕೇಳುವುದು ಎಸೆಯುವುದನ್ನು ಮಾತ್ರವಲ್ಲ, ಎಸೆದು ಬಿಟ್ಟುಹೋಗುವುದನ್ನು. ಕೈತಪ್ಪಿ ಬಿದ್ದ ಕಾಗದವನ್ನು ಬಾಗಿ ಎತ್ತಿಕೊಳ್ಳುತ್ತಿರುವ ಮುದುಕಿಯ ಮೇಲೆ ನೋಟಿಸ್ ಬರೆದರೆ ಅದು ಕಾನೂನಿಗೂ ವಿರುದ್ಧ, ನ್ಯಾಯಕ್ಕೂ ವಿರುದ್ಧ.

ಅಪರಾಧ ನಡೆದಿದೆಯೆಂಬ ಸಂಶಯ ಬಂದ ಕೂಡಲೇ, ಆ ಅಪರಾಧದ ಬಗ್ಗೆ ಪ್ರಶ್ನೆ ಕೇಳುವ ಮುನ್ನ, ಅಧಿಕಾರಿ ಎಚ್ಚರಿಕೆಯ ಮಾತನ್ನು ಹೇಳಬೇಕು: ನೀವು ಏನನ್ನೂ ಹೇಳಬೇಕಾಗಿಲ್ಲ. ಆದರೆ ಈಗ ಪ್ರಶ್ನಿಸಿದಾಗ ತಿಳಿಸದ ಸಂಗತಿಯನ್ನು ಮುಂದೆ ನ್ಯಾಯಾಲಯದಲ್ಲಿ ಆಧಾರವಾಗಿ ಇಟ್ಟುಕೊಂಡರೆ ಅದು ನಿಮ್ಮ ವಾದಕ್ಕೆ ಹಾನಿ ತರಬಹುದು. ನೀವು ಹೇಳುವುದನ್ನು ಸಾಕ್ಷ್ಯವಾಗಿ ಒಪ್ಪಿಸಬಹುದು ಎಂಬುದು ಅದರ ತಾತ್ಪರ್ಯ. 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆಯ ಸಂಹಿತೆಗಳು ಪೊಲೀಸರಿಗಷ್ಟೇ ಅಲ್ಲ, ಅಪರಾಧದ ತನಿಖೆಯ ಹೊಣೆ ಹೊತ್ತ ಇತರರಿಗೂ ಅನ್ವಯವಾಗುವುದರಿಂದ ಕೌನ್ಸಿಲ್‌ನವರೂ ಅವನ್ನು ಪಾಲಿಸಬೇಕು. ಇಂಗ್ಲಿಷ್ ಚೆನ್ನಾಗಿ ಬಾರದ ವಲಸಿಗನಿಗೆ, ಭಯದಿಂದ ನಡುಗುತ್ತಿರುವ ವೃದ್ಧರಿಗೆ ಈ ಮಾತನ್ನು ಯಾಂತ್ರಿಕವಾಗಿ ಒಪ್ಪಿಸಿ ಮುಂದೆ ಹೋಗುವಂತಿಲ್ಲ. ಅರ್ಥವಾಗಿದೆಯೇ ಎಂದು ಖಚಿತಪಡಿಸಿಕೊಂಡು, ಇಲ್ಲದಿದ್ದರೆ ಸರಳ ಮಾತಿನಲ್ಲಿ ವಿವರಿಸಬೇಕು.

ಕದ್ದುಮುಚ್ಚಿ ತ್ಯಾಜ್ಯ ಸುರಿಯುವ ಪ್ರಕರಣಗಳಲ್ಲಿ ಈ ವೃತ್ತಿಯ ನಿಜವಾದ ಕಷ್ಟ ಕಾಣಿಸುತ್ತದೆ. ಇದನ್ನು ಅಲ್ಲಿ ಫ್ಲೈ-ಟಿಪ್ಪಿಂಗ್ ಎನ್ನುತ್ತಾರೆ. ಇಂಗ್ಲೆಂಡಿನ ಸ್ಥಳೀಯ ಆಡಳಿತಗಳು 2023-24ರ ಒಂದೇ ವರ್ಷದಲ್ಲಿ ಸುಮಾರು 11.5 ಲಕ್ಷ ಇಂಥ ಪ್ರಕರಣಗಳನ್ನು ನಿಭಾಯಿಸಿದವು, ಮತ್ತು ಅವುಗಳಲ್ಲಿ ಶೇ. 60ರಷ್ಟು ಮನೆಗಳಿಂದ ಹೊರಬಂದ ತ್ಯಾಜ್ಯವೇ ಆಗಿತ್ತು. ಹಳೆಯ ಹಾಸಿಗೆ, ಸೋಫಾ, ಫ್ರಿಜ್, ಒಡೆದ ಗೋಡೆಯ ಚೂರು, ಕಟ್ಟಿದ ಕಪ್ಪು ಚೀಲಗಳು ರಾತ್ರೋರಾತ್ರಿ ಗದ್ದೆಬದುವಿನ ರಸ್ತೆಗೋ ಗ್ಯಾರೇಜುಗಳ ಹಿಂದಿನ ಓಣಿಗೋ ಬಂದು ಬೀಳುತ್ತವೆ. ಮರುದಿನ ಅಧಿಕಾರಿ ದಪ್ಪ ಕೈಗವಸು ಹಾಕಿಕೊಂಡು, ಸೂಜಿಗಳು ಇರಬಹುದೆಂಬ ಎಚ್ಚರದಿಂದ ಆ ಚೀಲಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತಾನೆ. ಅವನು ಹುಡುಕುವುದು ಒಂದು ಲಕೋಟೆ, ಔಷಧದ ಚೀಟಿ, ಪಾರ್ಸೆಲ್ ಮೇಲಿನ ವಿಳಾಸ, ಯಾವುದಾದರೊಂದು ಹೆಸರು. ಸಿಕ್ಕಿದ್ದನ್ನು ಅದು ಬಿದ್ದ ಜಾಗದಲ್ಲೇ ಚಿತ್ರ ತೆಗೆದು, ಪ್ರತ್ಯೇಕ ಚೀಲಕ್ಕೆ ಹಾಕಿ, ಕ್ರಮಸಂಖ್ಯೆ ಕೊಟ್ಟು ಮೊಹರು ಮಾಡಿ, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ದಾಖಲಿಸುತ್ತಾನೆ.

ಹೆಸರು ಸಿಕ್ಕಿತೆಂದರೆ ಅಪರಾಧಿ ಸಿಕ್ಕನೆಂದು ಅರ್ಥವಲ್ಲ. ಆ ಮನೆಯವರು ತಮ್ಮ ಹಳೆಯ ಸಾಮಾನನ್ನು ಜಾಲತಾಣದ ಜಾಹೀರಾತಿನಲ್ಲಿ ಕಂಡ ವ್ಯಾನಿನವನೊಬ್ಬನಿಗೆ ಸ್ವಲ್ಪ ಹಣ ಕೊಟ್ಟು ಒಪ್ಪಿಸಿರುತ್ತಾರೆ. ಅವನು ಅದನ್ನು ಕಸ ವಿಲೇವಾರಿ ಕೇಂದ್ರಕ್ಕೆ ಒಯ್ದು ಶುಲ್ಕ ಕಟ್ಟುವ ಬದಲು ಮೊದಲ ಕತ್ತಲ ತಿರುವಿನಲ್ಲಿ ಸುರಿದಿರುತ್ತಾನೆ. ಸುರಿದವನು ಸಿಕ್ಕರೆ ಅವನಿಗೆ 1,000 ಪೌಂಡ್‌ಗಳವರೆಗೆ ನೋಟಿಸ್ ಕೊಡಬಹುದು, ಗಂಭೀರ ಪ್ರಕರಣವಾದರೆ ಕ್ರೌನ್ ಕೋರ್ಟ್ ಐದು ವರ್ಷಗಳವರೆಗೆ ಜೈಲು ಶಿಕ್ಷೆ ವಿಧಿಸಬಹುದು. ಅವನು ಸಿಗುವುದೇ ಅಪರೂಪ. ವ್ಯಾನನ್ನು ಜಪ್ತಿ ಮಾಡುವ ಅಧಿಕಾರ ಕೌನ್ಸಿಲ್‌ಗೆ ಉಂಟು, ಆದರೆ ರಸ್ತೆಯಲ್ಲಿ ಓಡುತ್ತಿರುವ ವಾಹನವನ್ನು ನಿಲ್ಲಿಸಲು ಸಮವಸ್ತ್ರದ ಪೊಲೀಸರೇ ಬೇಕು.

ಇಲ್ಲಿಯೇ ಮನೆಯವರ ಹೊಣೆಯ ಪ್ರಶ್ನೆ ಬರುತ್ತದೆ, ಮತ್ತು ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಈ ಲೇಖನದಿಂದ ಒಂದೇ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಲಿ ಎಂದು ಬಯಸುತ್ತೇನೆ. ಅದೇ 1990ರ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಮನೆಯ ತ್ಯಾಜ್ಯವನ್ನು ಪರವಾನಗಿ ಇರುವವರಿಗೇ ಒಪ್ಪಿಸಲು ಸಾಧ್ಯವಿರುವ ಎಲ್ಲ ಸಮಂಜಸ ಕ್ರಮಗಳನ್ನು ಕೈಗೊಳ್ಳುವುದು ಮನೆಯಲ್ಲಿ ವಾಸಿಸುವವರ ಕರ್ತವ್ಯ. ಅದನ್ನು ಪಾಲಿಸದವರಿಗೆ 600 ಪೌಂಡ್‌ಗಳವರೆಗೆ ನೋಟಿಸ್ ಬರಬಹುದು. ಓದು ಮುಗಿಸಿ ಬಾಡಿಗೆ ಮನೆ ಖಾಲಿ ಮಾಡುವ ವಿದ್ಯಾರ್ಥಿಗಳು, ಕಂಪನಿ ಬದಲಾಗಿ ಒಂದೇ ವಾರದಲ್ಲಿ ಬೇರೆ ಊರಿಗೆ ಹೋಗಬೇಕಾದ ಸಾಫ್ಟ್‌ವೇರ್ ಕುಟುಂಬಗಳು ಯಾರೋ ಕಡಿಮೆ ಹಣಕ್ಕೆ ಎಲ್ಲವನ್ನೂ ಒಯ್ಯುತ್ತಾರೆಂದು ಸಂತೋಷದಿಂದ ಒಪ್ಪಿಕೊಂಡು ಸಿಕ್ಕಿಹಾಕಿಕೊಳ್ಳುವುದು ಸುಲಭ. ಮಾಡಬೇಕಾದದ್ದು ಕಷ್ಟವೇನಲ್ಲ. ತ್ಯಾಜ್ಯ ಸಾಗಿಸುವವರ ನೋಂದಣಿ ಸಂಖ್ಯೆ ಕೇಳಿ, ಸರ್ಕಾರದ ಪರಿಸರ ಸಂಸ್ಥೆಯಾದ ಎನ್ವಿರಾನ್‌ಮೆಂಟ್ ಏಜೆನ್ಸಿಯ ಸಾರ್ವಜನಿಕ ಪಟ್ಟಿಯಲ್ಲಿ ಅದು ಇದೆಯೇ ಎಂದು ನೋಡಬೇಕು. ವ್ಯಾನಿನ ಸಂಖ್ಯೆ ಬರೆದಿಟ್ಟುಕೊಂಡು ರಸೀದಿ ಪಡೆಯಬೇಕು. ಇವುಗಳನ್ನು ತೋರಿಸಿದವರನ್ನು ಅಧಿಕಾರಿ ಅಪರಾಧಿಯೆಂದಲ್ಲ, ಸಾಕ್ಷಿಯೆಂದು ಕಾಣುತ್ತಾನೆ. ಬಹುತೇಕ ಕೌನ್ಸಿಲ್‌ಗಳು ದೊಡ್ಡ ಸಾಮಾನುಗಳನ್ನು ಶುಲ್ಕ ಪಡೆದು ತಾವೇ ಒಯ್ಯುವ ವ್ಯವಸ್ಥೆ ಇಟ್ಟಿವೆ. ಅದು ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ. ಖಾಸಗಿ ಜಮೀನಿನಲ್ಲಿ ಯಾರೋ ತ್ಯಾಜ್ಯ ಸುರಿದು ಹೋದರೆ ಅದನ್ನು ತೆಗೆಸುವ ಖರ್ಚು ಸಾಮಾನ್ಯವಾಗಿ ಆ ಜಮೀನಿನ ಒಡೆಯನ ಮೇಲೆಯೇ ಬೀಳುತ್ತದೆ ಎಂಬುದು ಈ ಕಾನೂನಿನ ಒಂದು ದೊಡ್ಡ ಅನ್ಯಾಯವೆಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಕಸದ ಆಚೆಗೆ, ಜನರ ವರ್ತನೆಗೆ ಸಂಬಂಧಿಸಿದ ಅಧಿಕಾರಗಳು ಹೆಚ್ಚಾಗಿ 2014ರ ಸಮಾಜವಿರೋಧಿ ವರ್ತನೆ, ಅಪರಾಧ ಮತ್ತು ಪೊಲೀಸ್ ಕಾಯ್ದೆಯಿಂದ ಬಂದಿವೆ. ಅದರಲ್ಲಿ ಎರಡು ಸಾಧನಗಳು ಮುಖ್ಯ. ಮೊದಲನೆಯದು ಒಂದು ಪ್ರದೇಶಕ್ಕೆ ಅನ್ವಯವಾಗುವ ಸಾರ್ವಜನಿಕ ಸ್ಥಳ ಸಂರಕ್ಷಣಾ ಆದೇಶ: ಇಂಥ ಉದ್ಯಾನದಲ್ಲಿ ನಾಯಿಗೆ ಹಗ್ಗ ಕಟ್ಟಿರಬೇಕು, ಇಂಥ ಚೌಕದಲ್ಲಿ ಅಧಿಕಾರಿ ಹೇಳಿದಾಗ ಮದ್ಯಪಾನ ನಿಲ್ಲಿಸಬೇಕು ಎಂಬಂಥವು. ಇದನ್ನು ಹೊರಡಿಸುವ ಮುನ್ನ ಕೌನ್ಸಿಲ್ ಪೊಲೀಸರ ಮತ್ತು ಸ್ಥಳೀಯರ ಅಭಿಪ್ರಾಯ ಕೇಳಬೇಕು. ಆದೇಶದ ಅವಧಿ ಹೆಚ್ಚೆಂದರೆ ಮೂರು ವರ್ಷ, ಬೇಕಾದರೆ ಪರಿಶೀಲಿಸಿ ಮುಂದುವರಿಸಬಹುದು. ಬಾಧಿತರು ಆರು ವಾರಗಳೊಳಗೆ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಇನ್ನೊಂದು ಒಬ್ಬ ವ್ಯಕ್ತಿಗೆ ಕೊಡುವ ಸಮುದಾಯ ಸಂರಕ್ಷಣಾ ನೋಟಿಸ್. ಹಿತ್ತಲಲ್ಲಿ ತ್ಯಾಜ್ಯ ರಾಶಿ ಹಾಕಿ ಇಲಿಗಳಿಗೆ ಆಶ್ರಯ ಕೊಟ್ಟವರು, ಸುತ್ತಲಿನವರನ್ನು ಪದೇಪದೇ ಗೋಳು ಹೊಯ್ದುಕೊಳ್ಳುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಮೊದಲು ಲಿಖಿತ ಎಚ್ಚರಿಕೆ ಕೊಟ್ಟು, ಸರಿಪಡಿಸಿಕೊಳ್ಳಲು ಸಮಯ ಬಿಟ್ಟು, ಆಮೇಲೆಯೇ ನೋಟಿಸ್ ಕೊಡಬೇಕು. ಪಡೆದವರು 21 ದಿನಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು.

ವಾರಸುದಾರರಿಲ್ಲದ ವಾಹನಗಳ ಕೆಲಸ ಇವಕ್ಕಿಂತ ಸರಳ. 1978ರ ಕಾಯ್ದೆಯೊಂದು ಅವನ್ನು ತೆರವುಗೊಳಿಸುವ ಕರ್ತವ್ಯವನ್ನು ಕೌನ್ಸಿಲ್ ಮೇಲೆ ಹೊರಿಸಿದೆ. ಬೀಡಾಡಿ ನಾಯಿಗಳ ವಿಷಯದಲ್ಲಿ ಒಬ್ಬ ಅಧಿಕಾರಿಯನ್ನು ನೇಮಿಸಲೇಬೇಕು, ಹಿಡಿದ ನಾಯಿಯನ್ನು ಒಡೆಯರು ಹುಡುಕಿಕೊಂಡು ಬರಲು ಏಳು ದಿನ ಇಟ್ಟುಕೊಳ್ಳಬೇಕು. ನಾಯಿಗಳಿಗೆ ಮೈಕ್ರೋಚಿಪ್ 2016ರಿಂದ ಕಡ್ಡಾಯವಾದ ಮೇಲೆ ಒಡೆಯರನ್ನು ಪತ್ತೆ ಹಚ್ಚುವುದು ಸುಲಭವಾಗಿದೆ.

ಅಧಿಕಾರದ ಮಿತಿಯನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಗುಟ್ಟಿನ ಕಣ್ಗಾವಲಿನ ಕಥೆ. 2008ರಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೂಲ್ ಎಂಬ ಊರಿನ ಕೌನ್ಸಿಲ್, ಒಂದು ಕುಟುಂಬ ತಾನು ಹೇಳಿಕೊಂಡ ಶಾಲಾ ವ್ಯಾಪ್ತಿಯಲ್ಲೇ, ಅಂದರೆ ಆ ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವ ಪ್ರದೇಶದಲ್ಲೇ, ವಾಸಿಸುತ್ತಿದೆಯೇ ಎಂದು ತಿಳಿಯಲು ಆ ಕುಟುಂಬದವರನ್ನು ಗುಟ್ಟಾಗಿ ಹಿಂಬಾಲಿಸಿತ್ತು. ತನಿಖಾ ಅಧಿಕಾರಗಳನ್ನು ನಿಯಂತ್ರಿಸಲು 2000ದಲ್ಲಿ ಮಾಡಿದ ಕಾನೂನನ್ನು ಅದು ಬಳಸಿಕೊಂಡಿತ್ತು. 2010ರಲ್ಲಿ, ಇಂಥ ತನಿಖಾ ಅಧಿಕಾರಗಳ ಬಗೆಗಿನ ದೂರುಗಳನ್ನು ಆಲಿಸುವ ನ್ಯಾಯಮಂಡಳಿ ಈ ಕಣ್ಗಾವಲು ಕಾನೂನುಬಾಹಿರವೆಂದು ತೀರ್ಪಿತ್ತಿತು. ಇಂಥ ದುರುಪಯೋಗಗಳ ಬಗ್ಗೆ ಎದ್ದ ಸಾರ್ವಜನಿಕ ಆಕ್ರೋಶದ ಫಲವಾಗಿ 2012ರ ನವೆಂಬರ್‌ನಿಂದ ಕೌನ್ಸಿಲ್ ಯಾರನ್ನಾದರೂ ಗುಟ್ಟಾಗಿ ಗಮನಿಸಬೇಕಾದರೆ ಮ್ಯಾಜಿಸ್ಟ್ರೇಟರ ಒಪ್ಪಿಗೆ ಪಡೆಯಬೇಕು, ಮತ್ತು ಕೆಲವು ವಿನಾಯಿತಿಗಳನ್ನು ಬಿಟ್ಟರೆ ಆ ಅಪರಾಧ ಕನಿಷ್ಠ ಆರು ತಿಂಗಳ ಜೈಲು ಶಿಕ್ಷೆಗೆ ಅರ್ಹವಾದದ್ದಾಗಿರಬೇಕು ಎಂಬ ನಿಯಮ ಬಂದಿತು. ಆದ್ದರಿಂದ ಸಿಗರೇಟಿನ ತುಂಡು ಎಸೆಯುವವರನ್ನು ಹಿಡಿಯಲು ಈ ಅನುಮತಿ ಸಿಗುವುದಿಲ್ಲ. ತ್ಯಾಜ್ಯ ಸುರಿಯುವ ಜಾಗದಲ್ಲಿ ಫಲಕ ಹಾಕಿ ಎಲ್ಲರಿಗೂ ತಿಳಿಯುವಂತೆ ಇಟ್ಟ ಕ್ಯಾಮೆರಾಗಳ ಮಾತು ಬೇರೆ.

ಕಾನೂನು ಅವಕಾಶ ಕೊಟ್ಟಲ್ಲೆಲ್ಲ ಅದನ್ನು ಬಳಸಬೇಕೆಂದೂ ಇಲ್ಲ. ಪ್ರತಿ ಪ್ರಕರಣದಲ್ಲೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ: ಸಾಕ್ಷ್ಯ ಸಾಕಷ್ಟಿದೆಯೇ, ಮೊಕದ್ದಮೆಯಿಂದ ಸಾರ್ವಜನಿಕ ಹಿತ ಸಾಧಿಸುತ್ತದೆಯೇ. ಮೊದಲನೆಯದಕ್ಕೆ ಹೌದೆಂದ ಮೇಲೂ ಎರಡನೆಯದಕ್ಕೆ ಇಲ್ಲವೆನ್ನಬೇಕಾದ ಸಂದರ್ಭಗಳು ಬಹಳ. ಕೋಣೆಗಳ ತುಂಬ ಹಳೆಯ ಸಾಮಾನು ಪೇರಿಸಿಟ್ಟುಕೊಂಡು ಹೊರಗೂ ಚೆಲ್ಲಿಕೊಂಡಿರುವ ಒಂಟಿ ವೃದ್ಧರಿಗೆ ಬೇಕಾದದ್ದು ದಂಡವಲ್ಲ, ಸಮಾಜಕಲ್ಯಾಣ ವಿಭಾಗದ ಭೇಟಿ. ಬೀದಿಯಲ್ಲಿ ಮಲಗುವವರನ್ನು, ಅವರಿಗೆ ಮನೆಯಿಲ್ಲವೆಂಬ ಒಂದೇ ಕಾರಣಕ್ಕೆ, 2014ರ ಕಾಯ್ದೆಯ ಆದೇಶಗಳಿಗೆ ಗುರಿ ಮಾಡಬಾರದೆಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಹತ್ತು ವರ್ಷ ತುಂಬದ ಮಕ್ಕಳಿಗೆ ಅಲ್ಲಿ ಕ್ರಿಮಿನಲ್ ಹೊಣೆಯೇ ಇಲ್ಲ. ಅದಕ್ಕಿಂತ ದೊಡ್ಡ ಮಕ್ಕಳ ವಿಷಯದಲ್ಲೂ ತಂದೆತಾಯಿಯೊಡನೆ, ಶಾಲೆಯೊಡನೆ ಮಾತಾಡುವುದು ಮೊದಲ ಹೆಜ್ಜೆಯಾಗಬೇಕು.

ಈ ವಿವೇಚನೆಗೆ ಕುತ್ತು ಬರುವುದು ದಂಡದ ಹಣ ಯಾರ ಕೈಗೆ ಹೋಗುತ್ತದೆ ಎಂಬಲ್ಲಿ. ಕೆಲವು ಕೌನ್ಸಿಲ್‌ಗಳು ಬೀದಿಯ ಜಾರಿ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿವೆ, ಮತ್ತು ಕೆಲವು ಗುತ್ತಿಗೆಗಳಲ್ಲಿ ಕಂಪನಿಯ ಆದಾಯ ಕೊಟ್ಟ ನೋಟಿಸ್‌ಗಳ ಸಂಖ್ಯೆಯ ಮೇಲೆ ನಿಂತಿರುತ್ತದೆ. ನೋಟಿಸ್‌ಗೆ ಇಷ್ಟೆಂದು ಹಣ ಬರುವ ಕಂಪನಿ ತ್ಯಾಜ್ಯದ ಚೀಲ ಬಿಚ್ಚಿ ವಾರಗಟ್ಟಲೆ ತನಿಖೆ ಮಾಡುವುದಕ್ಕಿಂತ ರೈಲು ನಿಲ್ದಾಣದ ಬಾಗಿಲಲ್ಲಿ ಸಿಗರೇಟು ಸೇದುವವರ ಬಳಿ ನಿಲ್ಲುವುದನ್ನು ಆರಿಸಿಕೊಳ್ಳುವುದು ಸಹಜ. ದಂಡ ವಿಧಿಸುವುದು ಆದಾಯದ ಮೂಲವಾಗಬಾರದೆಂದು ಸರ್ಕಾರದ ಮಾರ್ಗಸೂಚಿ ಹೇಳಿದರೂ ಗುತ್ತಿಗೆಯ ಲೆಕ್ಕಾಚಾರ ಅದಕ್ಕೆ ಎದುರಾಗಿ ಎಳೆಯುತ್ತದೆ. ಈ ಕೆಲಸ ಕೌನ್ಸಿಲ್‌ನ ಸಂಬಳದ ನೌಕರರ ಕೈಯಲ್ಲೇ ಇರಬೇಕೆಂದು ನಾನು ನಂಬುವುದು ಈ ಕಾರಣಕ್ಕೆ.

ಬೆಂಗಳೂರಿನ ಓದುಗರಿಗೆ ಇದೆಲ್ಲ ಅಪರಿಚಿತವಲ್ಲ. 2019ರಲ್ಲಿ ಅಂದಿನ ಬಿಬಿಎಂಪಿ ಕಸದ ನಿಯಮಗಳ ಜಾರಿಗೆಂದು ಮಾರ್ಷಲ್‌ಗಳನ್ನು ನೇಮಿಸಿಕೊಂಡಿತು; ಅವರಲ್ಲಿ ಮಾಜಿ ಸೈನಿಕರು ಬಹಳ ಮಂದಿ ಇದ್ದರು. ಕೊರೊನಾ ಕಾಲದಲ್ಲಿ ಮಾಸ್ಕ್ ದಂಡ ವಸೂಲಿಯೂ ಅವರ ಮೇಲೆ ಬಿತ್ತು. 2020ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಆ ದಂಡವನ್ನು ನಗರ ಪ್ರದೇಶದಲ್ಲಿ 1,000 ರೂಪಾಯಿಗೆ ಏರಿಸಿ, ಜನರ ವಿರೋಧ ಕಂಡು ಕೆಲವೇ ದಿನಗಳಲ್ಲಿ 250 ರೂಪಾಯಿಗೆ ಇಳಿಸಿತು. ಆ ದಿನಗಳಲ್ಲಿ ರಸ್ತೆಯಲ್ಲಿ ನಿಂತು ಜನರ ಕೋಪವನ್ನು ನೇರವಾಗಿ ಎದುರಿಸಿದವರು ದಂಡದ ಮೊತ್ತ ನಿರ್ಧರಿಸಿದವರಲ್ಲ, ಮಾರ್ಷಲ್‌ಗಳು. ನಿಯಮ ರೂಪಿಸುವವರ ಮತ್ತು ಜಾರಿ ಮಾಡುವವರ ನಡುವಿನ ಈ ಅಂತರ ಇಂಗ್ಲೆಂಡಿನಲ್ಲೂ ಇದೆ.

ಬೈಗುಳ, ಬೆದರಿಕೆ, ಒಮ್ಮೊಮ್ಮೆ ಕೈಮಾಡುವುದು ಈ ಕೆಲಸದಲ್ಲಿ ಅಪರೂಪವಲ್ಲ. ಎದೆಯ ಕ್ಯಾಮೆರಾ ಇರುವುದು ಸಾಕ್ಷ್ಯಕ್ಕೆ ಎಷ್ಟೋ ಅಧಿಕಾರಿಯ ರಕ್ಷಣೆಗೂ ಅಷ್ಟೇ. ಅದು ಚಾಲೂ ಇದೆಯೆಂದು ಎದುರಿನವರಿಗೆ ತಿಳಿಸಬೇಕು. ಮಾತಿನ ಬಿಸಿ ಇಳಿಸುವ ತರಬೇತಿ, ಒಬ್ಬರೇ ಓಡಾಡುವಾಗ ಕಚೇರಿಗೆ ಆಗಾಗ ಸುಳಿವು ಕೊಡುವ ವ್ಯವಸ್ಥೆ, ಪರಿಸ್ಥಿತಿ ಕೈಮೀರುವಂತಿದ್ದರೆ ಹಿಂದೆ ಸರಿದು ಪೊಲೀಸರನ್ನು ಕರೆಯುವ ಸ್ಪಷ್ಟ ಸೂಚನೆ, ಇವಿಲ್ಲದೆ ಯಾರನ್ನೂ ಬೀದಿಗೆ ಕಳಿಸಬಾರದು. ಹುದ್ದೆಗೆ ಸಾಮಾನ್ಯವಾಗಿ ಪದವಿಯನ್ನೇ ಕೇಳುವುದಿಲ್ಲ. ಚಾಲನಾ ಪರವಾನಗಿ, ಸ್ಪಷ್ಟವಾಗಿ ಬರೆಯುವ ಶಕ್ತಿ, ಸಂಜೆ ಮತ್ತು ವಾರಾಂತ್ಯದ ಪಾಳಿಗೆ ಸಿದ್ಧತೆ ಬೇಕು. ಕಾನೂನಿನ ಭಾಗವನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿಸುತ್ತಾರೆ. ಪ್ರಕರಣ ನ್ಯಾಯಾಲಯಕ್ಕೆ ಹೋದಾಗ ಅಧಿಕಾರಿ ಪ್ರಮಾಣ ಸ್ವೀಕರಿಸಿ ಸಾಕ್ಷಿ ನುಡಿಯಬೇಕು, ಎದುರು ಪಕ್ಷದ ವಕೀಲರ ಪಾಟೀಸವಾಲನ್ನು ಎದುರಿಸಬೇಕು. ತಿಂಗಳುಗಳ ಹಿಂದೆ ಮಳೆಯಲ್ಲಿ ನಿಂತು ಗೀಚಿದ ಟಿಪ್ಪಣಿಯಲ್ಲಿ ತಾನು ಎಷ್ಟು ದೂರದಲ್ಲಿ ನಿಂತಿದ್ದೆನೆಂದು ಬರೆದಿರದಿದ್ದರೆ, ಆ ಪ್ರಶ್ನೆಗೆ ತನಗೆ ನೆನಪಿಲ್ಲವೆಂದು ಪ್ರಾಮಾಣಿಕವಾಗಿ ಹೇಳಬೇಕಾದವನೂ ಅವನೇ.